ಗೋಡೆಯ ಮೇಲಿನ ಹತ್ತು, ಒಂಬತ್ತು, ಎಂಟು

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ಈ ಶಾಲೆಯ 1992ರ ಎಸ್ಸೆಸ್ಸೆಲ್ಸಿ ಬ್ಯಾಚಿನವಳು. 2009ರಿಂದ 2023ರವರೆಗೆ ಜಿಲ್ಲೆಯ ಮಕ್ಕಳ ಸಹಾಯವಾಣಿ ತಂಡದಲ್ಲಿ ಕೆಲಸ ಮಾಡಿದೆ. ‘ನಿಮ್ಮ ಮಗಳು ಏನ ಮಾಡ್ತಾಳ?’ ಎಂದು ಯಾರಾದರೂ ಕೇಳಿದರೆ ನಮ್ಮವ್ವ ‘ಫೋನ್ ಆಫೀಸಿನಾಗ ಅದಾಳ’ ಅನ್ನುತ್ತಿದ್ದಳು. ಹಾಗಾಗಿ ಊರಿನ ಎಷ್ಟೋ ಮಂದಿ ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇದ್ದೇನೆಂದು ತಿಳಿದು, ಮನೆಯ ಲೈನು ಕೆಟ್ಟಾಗ ನನಗೆ ಹೇಳಿ ಕಳಿಸುತ್ತಿದ್ದರು. ಆ ಕೆಲಸ ನಿಜವಾಗಿ ಏನು, ಅದು ಎಲ್ಲಿ ಹುಟ್ಟಿತು, ಯಾಕೆ ಹುಟ್ಟಿತು ಎಂದು ಹೇಳುವುದಕ್ಕೆ ಸಂಘದವರು ಅರ್ಧ ಗಂಟೆ ಕೊಟ್ಟಿದ್ದಾರೆ. ಮುಗಿಸುತ್ತೇನೆ.

ಬೆಳಿಗ್ಗೆ ಧ್ವಜಾರೋಹಣಕ್ಕೆ ಮೊದಲು ಶಾಲೆಯ ಸುತ್ತ ಒಂದು ಸುತ್ತು ಹಾಕಿದೆ. ಹೆಡ್‌ಮಾಸ್ತರರ ಕೋಣೆಯ ಹೊರಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ‘ಮಕ್ಕಳ ಸಹಾಯವಾಣಿ 1098’ ಎಂದು ಬರೆದಿದೆ. ಅಡುಗೆ ಕೋಣೆಯ ಗೋಡೆಯ ಮೇಲೂ ಇದೆ, ಅಲ್ಲಿ ಹೊಗೆಗೆ ಅರ್ಧ ಮಾಸಿದೆ. ಅಲ್ಲೇ ನಿಂತಿದ್ದ ಕೆಲವು ಮಕ್ಕಳನ್ನು, ಇದನ್ನು ಓದಿ ನೋಡೋಣ ಅಂದೆ. ಒಬ್ಬಳು ‘ಒಂದು ಸಾವಿರದ ತೊಂಬತ್ತೆಂಟು’ ಅಂದಳು. ಇನ್ನೊಬ್ಬ ‘ಟೆನ್ ನೈಂಟಿ ಏಯ್ಟ್’ ಅಂದ. ಎರಡೂ ಸರಿ. ಆದರೆ ಈ ನಂಬರು ಹುಟ್ಟಿದಾಗ ಅದನ್ನು ಓದುತ್ತಿದ್ದ ರೀತಿ ಬೇರೆ: ಹತ್ತು, ಒಂಬತ್ತು, ಎಂಟು. ಹಿಂದಿಯಲ್ಲಿ ದಸ್, ನೌ, ಆಠ್. ಶಾಲೆಯ ಮೆಟ್ಟಿಲು ಹತ್ತದ ಮಕ್ಕಳೂ ಬೆರಳು ಮಡಚಿ ಹಿಂದಕ್ಕೆ ಎಣಿಸಬಲ್ಲರು, ಅಂಥವರೂ ಮರೆಯಬಾರದೆಂದು ಹಾಗೆ ಆಯ್ದುಕೊಂಡ ನಂಬರು ಅದು. ಮಕ್ಕಳ ಜೊತೆ ಕುಳಿತು ಆಯ್ದುಕೊಂಡದ್ದು.

ಅದು ಮುಂಬೈಯಲ್ಲಿ ಆದ ಸಂಗತಿ. 1990ರ ದಶಕದಲ್ಲಿ ಜೆರೂ ಬಿಲಿಮೋರಿಯಾ ಎಂಬ ಹೆಣ್ಣುಮಗಳು ಅಲ್ಲಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ ಪಾಠ ಹೇಳುತ್ತಿದ್ದರು. ಸಮಾಜಕಾರ್ಯ ಕಲಿಯುವ ಹುಡುಗ ಹುಡುಗಿಯರ ಜೊತೆ ಅವರು ರೈಲು ನಿಲ್ದಾಣಗಳ ಸುತ್ತ, ರಾತ್ರಿ ತಂಗುದಾಣಗಳಲ್ಲಿ ಬೀದಿಮಕ್ಕಳನ್ನು ಭೇಟಿ ಮಾಡುತ್ತಿದ್ದರು. ಆ ಮಕ್ಕಳು ಯಾರು ಎಂದು ಕೇಳಿದರೆ, ನಮ್ಮ ನಿಮ್ಮ ಊರುಗಳವರೇ. ಸೋಲಾಪುರದ ದಾರಿಯಲ್ಲಿ ಹೋಗುವ ರೈಲು ಹತ್ತಿದರೆ ಬೆಳಗಾಗುವುದರೊಳಗೆ ಮುಂಬೈ. ಪರೀಕ್ಷೆಯಲ್ಲಿ ಫೇಲಾದವನು, ಅಪ್ಪನ ಹೊಡೆತ ತಾಳದವನು, ಸಿನಿಮಾ ನೋಡಿ ಹೊರಟವನು, ಮನೆಯಲ್ಲಿ ಒಲೆ ಹೊತ್ತದೆ ಹೊರಟವನು, ಎಲ್ಲರೂ ಅದೇ ಪ್ಲಾಟ್‌ಫಾರ್ಮಿಗೆ ಇಳಿಯುತ್ತಿದ್ದರು. ಅದಕ್ಕೂ ಹಿಂದಿನ ಕಾಲದಲ್ಲಿ ಕರಾವಳಿಯಿಂದ ಹೋದ ಹುಡುಗರಿಗೆ ಮುಂಬೈಯಲ್ಲಿ ಒಂದು ಆಸರೆ ಇತ್ತು. ಹಗಲು ಉಡುಪಿ ಹೋಟೆಲಿನಲ್ಲಿ ಕೆಲಸ ಮಾಡಿ ಸಂಜೆ ಕನ್ನಡ ರಾತ್ರಿಶಾಲೆಗೆ ಹೋಗಿ ಮ್ಯಾಟ್ರಿಕ್ ಮುಗಿಸಿದವರು ಎಷ್ಟೋ ಜನ. ಗುರುತಿನವರು ಯಾರೂ ಇಲ್ಲದೆ ಇಳಿದವನಿಗೆ ಪ್ಲಾಟ್‌ಫಾರ್ಮೇ ಮನೆ.

ಬಿಲಿಮೋರಿಯಾ ಆ ಮಕ್ಕಳಿಗೆ ತಮ್ಮ ಮನೆಯ ಫೋನ್ ನಂಬರು ಕೊಟ್ಟಿದ್ದರು, ತೊಂದರೆಯಾದರೆ ಫೋನ್ ಮಾಡ್ರಪ್ಪಾ ಎಂದು. ಮಕ್ಕಳು ಮಾಡಿದರು. ಬಹುಪಾಲು ರಾತ್ರಿಯಲ್ಲೇ ಮಾಡಿದರು. ಒಬ್ಬನಿಗೆ ಮೈ ಸುಡುವ ಜ್ವರ, ದೊಡ್ಡವರು ಜೊತೆಗಿಲ್ಲದ ಹುಡುಗನನ್ನು ಆಸ್ಪತ್ರೆಯವರು ಸೇರಿಸಿಕೊಳ್ಳುತ್ತಿಲ್ಲ. ಇನ್ನೊಬ್ಬನನ್ನು ಪೊಲೀಸರು ಹಿಡಿದುಕೊಂಡು ಹೋಗಿದ್ದಾರೆ. ಮತ್ತೊಬ್ಬನಿಗೆ ಏನೂ ಆಗಿಲ್ಲ, ಯಾರ ಜೊತೆಗಾದರೂ ಮಾತನಾಡಬೇಕು ಅನ್ನಿಸಿದೆ, ಅಷ್ಟೆ. ಆ ನಗರದಲ್ಲಿ ಮಕ್ಕಳಿಗಾಗಿ ಸಂಸ್ಥೆಗಳು ಇರಲಿಲ್ಲವೇ? ಬೇಕಾದಷ್ಟಿದ್ದವು. ಆದರೆ ಅವು ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆಗೆದು ಸಂಜೆ ಐದಕ್ಕೆ ಹಾಕುತ್ತಿದ್ದವು. ಮಕ್ಕಳ ಕಷ್ಟ ಶುರುವಾಗುವುದು ಬಾಗಿಲು ಹಾಕಿದ ಮೇಲೆ. ಒಬ್ಬರ ಮನೆಯ ಫೋನು ಒಂದು ನಗರದ ಮಕ್ಕಳಿಗೆಲ್ಲ ಸಾಲುವುದೂ ಇಲ್ಲ.

ಹೊಸ ಅನಾಥಾಶ್ರಮ ಕಟ್ಟುವ ಬದಲು ಇದ್ದ ಸಂಸ್ಥೆಗಳನ್ನೇ ಒಂದು ತಂತಿಗೆ ಪೋಣಿಸುವುದು ಅವರ ಯೋಚನೆಯಾಗಿತ್ತು. ಹಗಲೂ ರಾತ್ರಿ ಒಂದು ಫೋನು, ಕಾಸು ಹಾಕದೆ ಯಾವ ಬೂತಿನಿಂದಲಾದರೂ ಮಾಡುವಂತಿರಬೇಕು. ಕರೆ ಬಂದ ಕೂಡಲೇ ಹತ್ತಿರದವರು ಮಗುವಿನ ಬಳಿಗೆ ಹೋಗಬೇಕು. ಈಗಿನ ಮಕ್ಕಳಿಗೆ ಕಾಯಿನ್ ಬೂತು ಗೊತ್ತಿಲ್ಲ. ಒಂದು ರೂಪಾಯಿ ಹಾಕಿದರೆ ಮಾತ್ರ ಮಾತನಾಡಿಸುವ ಕೆಂಪು ಡಬ್ಬಿ ಅದು. ರೂಪಾಯಿ ಇಲ್ಲದ ಮಗುವಿಗೂ ಆ ಡಬ್ಬಿ ಓಗೊಡಬೇಕಾದರೆ ದೂರವಾಣಿ ಇಲಾಖೆ ಒಪ್ಪಬೇಕಿತ್ತು. ಒಪ್ಪಿಸಿದರು. 1996ರ ಜೂನ್‌ನಲ್ಲಿ ಮುಂಬೈಯಲ್ಲಿ ‘ಚೈಲ್ಡ್‌ಲೈನ್’ ಶುರುವಾಯಿತು, ಆಗ ಅದು ಟಾಟಾ ಸಂಸ್ಥೆಯ ಒಂದು ಪ್ರಯೋಗ ಅಷ್ಟೆ.

ಈ ಕಥೆಯಲ್ಲಿ ನನಗೆ ಬಹಳ ಹಿಡಿಸಿದ್ದು ಮುಂದಿನ ಭಾಗ. ಫೋನ್ ಎತ್ತುವುದಕ್ಕೆ ಯಾರನ್ನು ಕೂರಿಸಿದರು ಗೊತ್ತೇ? ಬೀದಿಯಲ್ಲೇ ಬೆಳೆದು ದೊಡ್ಡವರಾದ ಹುಡುಗ ಹುಡುಗಿಯರನ್ನು. ಯಾವ ನಿಲ್ದಾಣದ ಯಾವ ಮೂಲೆಯಲ್ಲಿ ಮಕ್ಕಳು ಮಲಗುತ್ತಾರೆ, ಹೊಡೆಯುವವರು ಯಾರು, ನಂಬಬಹುದಾದ ಚಹಾದಂಗಡಿ ಯಾವುದು, ಎಂ.ಎ. ಓದಿದವರಿಗೆ ಗೊತ್ತಿಲ್ಲದ್ದು ಅವರಿಗೆ ಗೊತ್ತಿತ್ತು. ತಿಂಗಳಿಗೊಮ್ಮೆ ‘ಓಪನ್ ಹೌಸ್’ ಎಂದು ಮಕ್ಕಳ ಸಭೆ ಸೇರಿಸಿ, ನಮ್ಮ ಕೆಲಸದಲ್ಲಿ ಏನು ತಪ್ಪಿದೆ ಹೇಳಿ ಎಂದು ಕೇಳುತ್ತಿದ್ದರು. ನಮ್ಮ ಜಿಲ್ಲೆಯಲ್ಲಿ ಅದನ್ನೇ ‘ತೆರೆದ ಮನೆ’ ಎಂದು ಹಳ್ಳಿಹಳ್ಳಿಯಲ್ಲಿ ನಡೆಸಿದೆವು. ಮೊದಲ ಹದಿನೈದು ನಿಮಿಷ ಯಾರೂ ಬಾಯಿ ಬಿಡುವುದಿಲ್ಲ. ಮೇಷ್ಟ್ರು ಹೊರಗೆ ಹೋದ ಮೇಲೆ ಶುರುವಾಗುತ್ತದೆ. ಕ್ಷಮಿಸಿ ಸರ್, ಇದು ನಿಮ್ಮನ್ನು ಕುರಿತು ಹೇಳಿದ್ದಲ್ಲ.

ಇಲ್ಲಿ ಹಿರಿಯರು ಒಂದು ಮಾತು ಕೇಳಬಹುದು. ನಮ್ಮ ನಾಡಿನಲ್ಲಿ ಮಠಗಳು ಅನ್ನ ಹಾಕಿ ಅಕ್ಷರ ಕಲಿಸಿಲ್ಲವೇ, ಬಡಮಕ್ಕಳನ್ನು ಸಾಕಿಲ್ಲವೇ, ಇದರಲ್ಲಿ ಹೊಸದೇನು ಎಂದು. ಸಾಕಿದ್ದಾರೆ. ಈ ಸಭೆಯಲ್ಲೇ ಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದವರು ಹತ್ತಾರು ಜನ ಇದ್ದೀರಿ. ಅದು ದಾಸೋಹ, ಅದರ ಬಗ್ಗೆ ನನಗೆ ಗೌರವವೇ ಇದೆ. ಹಕ್ಕು ಎಂಬ ಮಾತು ಬೇರೆ ದಾರಿಯಿಂದ ಬಂತು. ಮೊದಲನೇ ಮಹಾಯುದ್ಧ ಮುಗಿದಾಗ, 1919ರಲ್ಲಿ, ಸೋತ ಆಸ್ಟ್ರಿಯಾ, ಜರ್ಮನಿಗಳ ಮಕ್ಕಳು ಹಸಿವಿನಿಂದ ಸಾಯುತ್ತಿದ್ದರು. ‘ಶತ್ರುಗಳ ಮಕ್ಕಳಾದರೇನು, ಮಕ್ಕಳಲ್ಲವೇ’ ಎಂಬ ನಿಲುವಿನ ಎಗ್ಲಾಂಟೈನ್ ಜೆಬ್ ಎಂಬ ಇಂಗ್ಲಿಷ್ ಮಹಿಳೆ ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಕರಪತ್ರ ಹಂಚಿ ಬಂಧನಕ್ಕೊಳಗಾದರು, ದಂಡ ತೆತ್ತರು. ಅದೇ ವರ್ಷ ‘ಸೇವ್ ದ ಚಿಲ್ಡ್ರನ್’ ಸಂಸ್ಥೆ ಕಟ್ಟಿದರು. ಆಕೆಯೂ ಸ್ವಲ್ಪ ಕಾಲ ಪ್ರಾಥಮಿಕ ಶಾಲೆಯ ಟೀಚರ್ ಆಗಿದ್ದವರು. ಆಕೆ ಬರೆದ ಐದಂಶಗಳ ಮಕ್ಕಳ ಹಕ್ಕುಗಳ ಘೋಷಣೆಯನ್ನು 1924ರಲ್ಲಿ ಜಿನೀವಾದಲ್ಲಿ ರಾಷ್ಟ್ರಸಂಘ ಒಪ್ಪಿಕೊಂಡಿತು. ಅದೇ ಬೆಳೆದು 1989ರ ನವೆಂಬರ್ 20ರಂದು ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯಾಯಿತು. 1992ರ ಡಿಸೆಂಬರ್‌ನಲ್ಲಿ ಭಾರತ ಅದನ್ನು ಒಪ್ಪಿತು. ಅಂದರೆ ನಾನು ಎಸ್ಸೆಸ್ಸೆಲ್ಸಿ ಪಾಸಾದ ವರ್ಷ.

ಆ ಒಡಂಬಡಿಕೆಯ ಹನ್ನೆರಡನೆಯ ಕಲಮು ಹೇಳುವುದು ಇಷ್ಟು: ಮಗುವಿಗೆ ಸಂಬಂಧಪಟ್ಟ ವಿಷಯದಲ್ಲಿ ಮಗುವನ್ನು ಕೇಳಬೇಕು, ಅದರ ಮಾತಿಗೆ ವಯಸ್ಸಿಗೆ ತಕ್ಕ ಬೆಲೆ ಕೊಡಬೇಕು. ನಮ್ಮ ಮನೆಗಳಲ್ಲಿ ‘ದೊಡ್ಡವರ ನಡುವೆ ನಿಂದೇನು ಮಾತು’ ಎಂದು ಬೆಳೆದವರು ನಾವು. ನನಗೂ ಈ ಕಲಮು ಮೊದಲು ಗಂಟಲಲ್ಲಿ ಇಳಿಯಲಿಲ್ಲ. ಫೋನಿನ ಮುಂದೆ ಕುಳಿತ ಮೇಲೆ ಇಳಿಯಿತು.

ಮುಂಬೈಯ ಪ್ರಯೋಗವನ್ನು ಮೂರೇ ವರ್ಷಗಳಲ್ಲಿ ಕೇಂದ್ರ ಸರ್ಕಾರ ಕೈಗೆತ್ತಿಕೊಂಡಿತು, ಅದನ್ನು ನಡೆಸಲು ಚೈಲ್ಡ್‌ಲೈನ್ ಇಂಡಿಯಾ ಫೌಂಡೇಶನ್ ಆಯಿತು, ನಗರದಿಂದ ನಗರಕ್ಕೆ ಹಬ್ಬಿ ಕೊನೆಗೆ ನಮ್ಮಂಥ ಜಿಲ್ಲೆಗೂ ಬಂತು. 2015ರ ಬಾಲನ್ಯಾಯ ಕಾಯ್ದೆಯಲ್ಲಿ ಅದರ ಹೆಸರೇ ಸೇರಿತು. ಹಣ ಸರ್ಕಾರದ್ದು, ಕೆಲಸ ಆಯಾ ಜಿಲ್ಲೆಯ ಸ್ವಯಂಸೇವಾ ಸಂಸ್ಥೆಯದ್ದು. ಕರೆ ಬಂದು ಒಂದು ಗಂಟೆಯೊಳಗೆ ಮಗುವಿನ ಬಳಿ ಇರಬೇಕು ಎಂಬುದು ನಮಗೆ ಹಾಕಿಕೊಟ್ಟ ಗುರಿ. ಜಿಲ್ಲಾ ಕೇಂದ್ರದಿಂದ ನಮ್ಮೂರಿಗೆ ಬಸ್ಸು ಎಷ್ಟು ಹೊತ್ತಿಗೊಂದು ಎಂದು ನಿಮಗೆ ಗೊತ್ತು. ನಮ್ಮ ತಂಡದ ಹುಡುಗರ ಬೈಕುಗಳೇ ನಮ್ಮ ಆಂಬುಲೆನ್ಸು.

ಎಂಥ ಕರೆಗಳು ಬರುತ್ತಿದ್ದವು? ಬಹಳಷ್ಟು ಮೌನದ ಕರೆಗಳು. ಫೋನ್ ಎತ್ತಿ ‘ನಮಸ್ಕಾರ, ಮಕ್ಕಳ ಸಹಾಯವಾಣಿ’ ಅಂದರೆ ಆ ಕಡೆಯಿಂದ ಉಸಿರು ಮಾತ್ರ. ತಮಾಷೆಗೆ ಮಾಡುವವರೂ ಇದ್ದರು, ನಿಜ. ಆದರೆ ತರಬೇತಿಯಲ್ಲಿ ಹೇಳಿಕೊಟ್ಟ ಮೊದಲ ಪಾಠ ಮೌನದ ಕರೆಯನ್ನು ನಾವಾಗಿ ಕಟ್ ಮಾಡಬಾರದು ಎಂಬುದು. ಆ ಮಗು ನಮ್ಮನ್ನು ಪರೀಕ್ಷೆ ಮಾಡುತ್ತಿರಬಹುದು. ‘ಪರವಾಗಿಲ್ಲವ್ವ, ಈಗ ಬೇಡ ಅನ್ನಿಸಿದರೆ ಆಮೇಲೆ ಮಾಡು, ನಾವು ಇಲ್ಲೇ ಇರ್ತೀವಿ’ ಎಂದು ಖಾಲಿ ಫೋನಿಗೆ ಮಾತನಾಡುವುದು ಮೊದಮೊದಲು ನನಗೆ ನಾಚಿಕೆಯಾಗುತ್ತಿತ್ತು.

ಆಮೇಲೆ ಬೀಜದ ಹತ್ತಿಯ ಹೊಲಗಳು. ಕ್ರಾಸಿಂಗ್ ಕೆಲಸ ಗೊತ್ತಲ್ಲ ನಿಮಗೆಲ್ಲ. ಸಂಜೆ ಮೊಗ್ಗು ಬಿಡಿಸಿ ಕೇಸರ ತೆಗೆಯುವುದು, ಮರುದಿನ ಬೆಳಿಗ್ಗೆ ಗಂಡು ಹೂವು ತಂದು ತಾಗಿಸುವುದು. ಗಿಡದ ಎತ್ತರ ಮಕ್ಕಳ ಎತ್ತರಕ್ಕೆ ಸರಿಯಾಗಿರುತ್ತದೆ, ಬೆರಳು ಸಣ್ಣವು, ಕೂಲಿ ಕಡಿಮೆ. ಆ ತಿಂಗಳುಗಳಲ್ಲಿ ಶಾಲೆಯ ಹಾಜರಿ ಪುಸ್ತಕ ನೋಡಿದರೆ ಸಾಕು, ಯಾವ ಊರಿನಲ್ಲಿ ಎಷ್ಟು ಕ್ರಾಸಿಂಗ್ ನಡೆದಿದೆ ಎಂದು ಹೇಳಬಹುದು. ಇದರ ಬಗ್ಗೆ ಇನ್ನೂ ಹೇಳುವುದಿದೆ, ಆದರೆ ಇವತ್ತು ನಾನು ಹೇಳಲೇಬೇಕಾದ ವಿಷಯ ಬೇರೆ. ಅದು ಮದುವೆ.

ಒಂದು ಬೇಸಿಗೆಯಲ್ಲಿ, ಏಪ್ರಿಲ್ ಕೊನೆಯ ವಾರ, ಒಂದೇ ನಂಬರಿನಿಂದ ಮೂರು ಸಲ ಮೌನದ ಕರೆ ಬಂತು. ಹಿಂದೆ ಟಿ.ವಿ. ಧಾರಾವಾಹಿಯ ಸದ್ದು. ನಾಲ್ಕನೆಯ ಸಲ ಮಾತು ಬಂತು: ‘ಅಕ್ಕಾ, ಬರೋ ಸೋಮವಾರ ನಂದು ಲಗ್ನ ಐತಿ. ನಾ ಒಂಬತ್ತನೇ ಪಾಸಾಗೇನಿ.’ ಅಷ್ಟಕ್ಕೆ ಫೋನ್ ಕಟ್ಟಾಯಿತು. ಊರು ಹೇಳಲಿಲ್ಲ, ಹೆಸರು ಹೇಳಲಿಲ್ಲ. ನಾವು ತಿರುಗಿ ಫೋನ್ ಮಾಡುವ ಹಾಗಿಲ್ಲ, ಆ ಮೊಬೈಲು ಅಪ್ಪನದೋ ಅಣ್ಣನದೋ ಆಗಿದ್ದರೆ ಹುಡುಗಿಯ ಗತಿ? ಕಾಯುವುದೊಂದೇ ದಾರಿ. ಮರುದಿನ ಸಂಜೆ ಅದೇ ಹೊತ್ತಿಗೆ, ಅದೇ ಧಾರಾವಾಹಿಯ ಸದ್ದಿನ ಮರೆಯಲ್ಲಿ, ತನ್ನ ಹೈಸ್ಕೂಲಿನ ಹೆಸರು ಹೇಳಿದಳು.

ಬೇಸಿಗೆ ರಜೆ. ಆ ಶಾಲೆಯ ಹೆಡ್‌ಮಾಸ್ತರರು ಇಪ್ಪತ್ತು ಕಿಲೋಮೀಟರು ಬೈಕಿನಲ್ಲಿ ಬಂದು ಆಫೀಸಿನ ಬೀಗ ತೆಗೆದು ದಾಖಲಾತಿ ರಿಜಿಸ್ಟರ್ ಬಿಚ್ಚಿದರು. ಹುಡುಗಿಗೆ ಇನ್ನೂ ಹದಿನೈದು ತುಂಬಿರಲಿಲ್ಲ. ಮನೆಯವರ ಕೈಯಲ್ಲಿದ್ದ ಕಾರ್ಡಿನಲ್ಲಿ ಹದಿನೆಂಟು ದಾಟಿತ್ತು, ತಿದ್ದಿಸಿಕೊಂಡು ಬಂದದ್ದು. ಇಲ್ಲಿ ಕಾನೂನಿನ ಒಂದು ಮಾತು ಹೇಳಬೇಕು, ಮೇಷ್ಟ್ರುಗಳು ದಯವಿಟ್ಟು ಕಿವಿಗೊಡಬೇಕು. ವಯಸ್ಸಿನ ಬಗ್ಗೆ ಅನುಮಾನ ಬಂದರೆ ಬಾಲನ್ಯಾಯ ಕಾಯ್ದೆಯ 94ನೆಯ ಕಲಮಿನ ಪ್ರಕಾರ ಮೊದಲು ನೋಡುವುದು ಶಾಲೆಯ ಜನ್ಮದಿನಾಂಕದ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಅದು ಇಲ್ಲದಿದ್ದರೆ ಪಂಚಾಯಿತಿ, ಪುರಸಭೆಯ ಜನನ ಪ್ರಮಾಣಪತ್ರ. ಅದೂ ಇಲ್ಲದಿದ್ದರೆ ಡಾಕ್ಟರ ಪರೀಕ್ಷೆ. ಹಾಗಾಗಿ ಒಂದನೇ ತರಗತಿಯ ಟೀಚರ್ ಒಂದು ಮಳೆಗಾಲದ ಬೆಳಿಗ್ಗೆ ಬರೆದ ತಾರೀಖು, ಟಿ.ಸಿ.ಯಲ್ಲಿ ಹೈಸ್ಕೂಲಿಗೆ ಬಂದ ಅದೇ ತಾರೀಖು, ಹತ್ತು ವರ್ಷದ ಮೇಲೆ ಒಂದು ಹುಡುಗಿಯ ಪರವಾಗಿ ಸಾಕ್ಷಿ ಹೇಳುತ್ತದೆ. ನಮ್ಮ ಕಾಲದಲ್ಲಿ ಅರ್ಧ ತರಗತಿ ಜೂನ್ ಒಂದಕ್ಕೆ ಹುಟ್ಟಿದ್ದೆವು. ನಾನೂ ಜೂನ್ ಒಂದೇ. ಈಗ ಹಾಗೆ ಬರೆಯುವ ಕಾಲ ಹೋಯಿತು, ಒಳ್ಳೆಯದಾಯಿತು.

ಸಿಡಿಪಿಒ, ಪಿಡಿಒ, ಇಬ್ಬರು ಪೊಲೀಸರು, ನಾವಿಬ್ಬರು ಆ ಊರಿಗೆ ಹೋದೆವು. ಮನೆ ಮುಂದೆ ಹಂದರ ಹಾಕಿತ್ತು. ಹುಡುಗಿಯ ತಂದೆ ‘ಮಗಳು ನಮ್ಮಾಕಿ, ಮನಿ ನಮ್ದು, ನೀವ್ಯಾರ್ರೀ?’ ಅಂದ. ಆತ ಕೆಟ್ಟವನಲ್ಲ, ಇದನ್ನು ನಾನು ಒತ್ತಿ ಹೇಳುತ್ತೇನೆ. ದೊಡ್ಡ ಮಗಳ ಮದುವೆ ಗೊತ್ತಾಗಿತ್ತು. ಅವಳಿಗೆ ಇಪ್ಪತ್ತಾಗಿತ್ತು, ಅದಕ್ಕೆ ಯಾರ ತಕರಾರೂ ಇಲ್ಲ. ಒಂದೇ ಹಂದರದಲ್ಲಿ ಎರಡು ಅಕ್ಷತೆ ಬಿದ್ದರೆ ಇನ್ನೊಂದು ಸಲ ಸಾಲ ಮಾಡುವುದು ತಪ್ಪುತ್ತದೆ ಎಂಬ ಲೆಕ್ಕ. ಅಜ್ಜಿ ಹಾಸಿಗೆ ಹಿಡಿದಿದ್ದಳು, ಮೊಮ್ಮಗಳ ತಾಳಿ ನೋಡಿ ಕಣ್ಣು ಮುಚ್ಚಬೇಕೆಂಬ ಆಸೆ. ಹೈಸ್ಕೂಲಿಗೆ ಮೂರು ಕಿಲೋಮೀಟರು ನಡೆದು ಹೋಗಿಬರುವ ಹುಡುಗಿಯ ಬಗ್ಗೆ ಯಾರೋ ಏನೋ ಅಂದಿದ್ದರು, ಅದೂ ಒಂದು. ಬಾಲ್ಯವಿವಾಹ ನಡೆಯುವ ಮನೆಗೆ ಹೋಗಿ ನೋಡಿದರೆ ಹೀಗೆ ನಾಲ್ಕಾರು ಕಾರಣ ಒಟ್ಟಿಗೆ ಸಿಗುತ್ತವೆ. ಬಡತನ ಅಂದುಬಿಟ್ಟರೆ ಮುಗಿಯುವುದಿಲ್ಲ, ಅಜ್ಞಾನ ಅಂದರೂ ಮುಗಿಯುವುದಿಲ್ಲ.

ಮೂರು ಗಂಟೆ ಮಾತಾಯಿತು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಪ್ರಕಾರ ಹೆಣ್ಣಿಗೆ 18, ಗಂಡಿಗೆ 21 ಆಗಬೇಕು. ತಪ್ಪಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ತಾಳಿ ಕಟ್ಟಿದವನಿಗೆ ಮಾತ್ರವಲ್ಲ, ಮಾಡಿಸಿದವರಿಗೂ ಬಂದು ಅಕ್ಷತೆ ಹಾಕಿದವರಿಗೂ ಅದು ಅನ್ವಯಿಸುತ್ತದೆ. ನಮ್ಮ ಕರ್ನಾಟಕ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಅಂಥ ಮದುವೆ ಮೊದಲಿನಿಂದಲೇ ಅಸಿಂಧು ಎಂದು ಕಾಯ್ದೆಗೆ ತಿದ್ದುಪಡಿ ತಂದಿದೆ. ಇದನ್ನೆಲ್ಲ ಪೊಲೀಸರು ಹೇಳಿದರು. ತಂದೆ ಮೆತ್ತಗಾದದ್ದು ಕಾನೂನಿಗಲ್ಲ, ಹೆಡ್‌ಮಾಸ್ತರರ ಮಾತಿಗೆ. ಅವರು ‘ಯಜಮಾನರ, ನಿಮ್ಮ ಮಗಳ ಕೈಬರಹ ನಮ್ಮ ಸಾಲ್ಯಾಗ ಎಲ್ಲರಕಿಂತ ಚಂದ ಐತಿ, ಇನ್ನೊಂದ ವರ್ಷ ಬಿಟ್ಟಕೊಡ್ರಿ’ ಅಂದರು. ಮುಚ್ಚಳಿಕೆ ಬರೆದುಕೊಟ್ಟರು. ಸೋಮವಾರ ನಾವು ಮತ್ತೆ ಹೋಗಿ ದೊಡ್ಡ ಮಗಳ ಅಕ್ಷತೆ ಮುಗಿಯುವವರೆಗೆ ಅಲ್ಲೇ ಕುಳಿತಿದ್ದೆವು, ಕಾವಲಿಗೆ. ಊಟ ಬೇಡ ಅಂದರೂ ತಾಯಿ ಕೇಳಲಿಲ್ಲ, ಗೋಧಿ ಹುಗ್ಗಿ ಬಡಿಸಿದಳು. ಕಣ್ಣು ಮಾತ್ರ ಎತ್ತಿ ನೋಡಲಿಲ್ಲ.

ಪತ್ರಿಕೆಯಲ್ಲಿ ‘ಬಾಲ್ಯವಿವಾಹ ತಡೆದ ಅಧಿಕಾರಿಗಳು’ ಎಂದು ಬರುವ ಸುದ್ದಿ ಇಲ್ಲಿಗೆ ಮುಗಿಯುತ್ತದೆ. ಕೆಲಸ ಇಲ್ಲಿಂದ ಶುರು. ಹುಡುಗಿಯನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಿದೆವು. ಸಮಿತಿಯವರು ಅವಳನ್ನು ಬಾಲಮಂದಿರಕ್ಕೆ ಕಳಿಸುವ ಮೊದಲು ಎಲ್ಲಿರಬೇಕೆಂದು ಅವಳನ್ನೇ ಕೇಳಿದರು. ‘ಮನ್ಯಾಗ ಇರ್ತೀನ್ರಿ, ಸಾಲಿ ಬಿಡಸಬಾರದು ಅಷ್ಟ’ ಅಂದಳು. ಜೂನ್‌ನಲ್ಲಿ ಶಾಲೆ ಶುರುವಾಯಿತು, ಅವಳು ಬರಲಿಲ್ಲ. ಮೂರನೇ ದಿನವೇ ಹೆಡ್‌ಮಾಸ್ತರರು ನಮಗೆ ಫೋನ್ ಮಾಡಿದರು. ಮತ್ತೆ ಹೋದೆವು, ಮತ್ತೆ ಮಾತು. ಕೊನೆಗೆ ತಾಲ್ಲೂಕಿನ ಹಾಸ್ಟೆಲಿನಲ್ಲಿ ಸೀಟು ಸಿಕ್ಕಿತು, ಎಸ್ಸೆಸ್ಸೆಲ್ಸಿ ಪಾಸಾದಳು. ಈಗ ಎಲ್ಲಿದ್ದಾಳೆ, ಏನು ಮಾಡುತ್ತಿದ್ದಾಳೆ ಎಂದು ನಾನು ಹೇಳುವುದಿಲ್ಲ, ಅದು ಅವಳಿಗೆ ಸೇರಿದ್ದು.

ಎಲ್ಲವೂ ಹೀಗೇ ಮುಗಿಯುತ್ತಿರಲಿಲ್ಲ. ಇನ್ನೊಂದು ಊರಿನಲ್ಲಿ ಮುಚ್ಚಳಿಕೆ ಬರೆದುಕೊಟ್ಟ ಎಂಟನೇ ದಿನ, ಬೇರೆ ಜಿಲ್ಲೆಯ ಗುಡಿಯೊಂದರಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ತಾಳಿ ಕಟ್ಟಿಸಿದರು. ನಮಗೆ ಗೊತ್ತಾಗುವಷ್ಟರಲ್ಲಿ ಆ ಹುಡುಗಿ ಗಂಡನ ಮನೆ ಸೇರಿದ್ದಳು. ಕೇಸಾಯಿತು. ಹುಡುಗಿ ಶಾಲೆಗೆ ಮಾತ್ರ ವಾಪಸು ಬರಲಿಲ್ಲ.

ಮೊದಲ ಊರಿನ ಕಥೆಯಲ್ಲಿ ಒಂದು ಉಳಿದಿದೆ. ನಾವು ಹೋಗಿಬಂದ ಮೇಲೆ ಊರಿನಲ್ಲಿ ಒಂದೇ ಮಾತು: ‘ಫೋನ್ ಮಾಡಿದವ್ರು ಯಾರು?’ ಅಂಗನವಾಡಿ ಕಾರ್ಯಕರ್ತೆಯ ಮೇಲೆ ಅನುಮಾನ ಬಿತ್ತು. ತಿಂಗಳುಗಟ್ಟಲೆ ಆಕೆಯ ಜೊತೆ ಯಾರೂ ಮಾತಾಡಲಿಲ್ಲ. ಹಾಲಿನವನು ಹಾಲು ಹಾಕುವುದು ಬಿಟ್ಟ. ಆಕೆ ಫೋನ್ ಮಾಡಿರಲಿಲ್ಲ, ಹುಡುಗಿಯೇ ಮಾಡಿದ್ದು. ನಾವು ಬಾಯಿ ಬಿಡುವಂತಿರಲಿಲ್ಲ, ಏಕೆಂದರೆ ಕರೆ ಮಾಡಿದವರ ಹೆಸರು ಹೊರಗೆ ಹೋಗಬಾರದು ಎಂಬುದು ಸಹಾಯವಾಣಿ ಇಟ್ಟುಕೊಂಡು ಬಂದ ಕಟ್ಟಾಜ್ಞೆ. ಆ ಅಂಗನವಾಡಿ ತಾಯಿ ‘ನಾನಲ್ಲ’ ಎಂದು ಒಂದು ಸಲವೂ ಹೇಳಲಿಲ್ಲ. ನಾನಲ್ಲ ಅಂದರೆ ಮತ್ತ್ಯಾರು ಎಂದು ಹುಡುಕುತ್ತಾರೆ ಎಂಬುದು ಆಕೆಗೆ ಗೊತ್ತಿತ್ತು. ಹುಡುಗಿಯೇ ಮಾಡಿರಬಹುದೆಂದು ಆಕೆ ಊಹಿಸಿದ್ದಳು ಅಂತ ನನಗೆ ಅನ್ನಿಸುತ್ತದೆ, ಕೇಳಲಿಕ್ಕೆ ಹೋಗಲಿಲ್ಲ. ಹದಿನಾಲ್ಕು ವರ್ಷದಲ್ಲಿ ನಾನು ಕಂಡ ದೊಡ್ಡವರಲ್ಲಿ ಆಕೆಯೂ ಒಬ್ಬಳು. ಊರಿನ ಹಿರಿಯರೇ, ನಿಮ್ಮನ್ನು ಒಂದು ಕೇಳಿಕೊಳ್ಳುತ್ತೇನೆ. ನಮ್ಮೂರಿಗೂ ಒಂದಲ್ಲ ಒಂದು ದಿನ ಇಂಥ ಜೀಪು ಬರಬಹುದು. ಬಂದಾಗ ಫೋನ್ ಮಾಡಿದವರು ಯಾರು ಎಂದು ಹುಡುಕಲು ಹೊರಡಬೇಡಿ.

ಮಕ್ಕಳೇ, ಈಗ ನಿಮಗೆ. 2023ರಲ್ಲಿ ಈ ವ್ಯವಸ್ಥೆ ಬದಲಾಯಿತು. ಸ್ವಯಂಸೇವಾ ಸಂಸ್ಥೆಗಳ ಕೈಯಲ್ಲಿದ್ದ ಸಹಾಯವಾಣಿಯನ್ನು ‘ಮಿಷನ್ ವಾತ್ಸಲ್ಯ’ ಯೋಜನೆಯಡಿ ಸರ್ಕಾರ ತಾನೇ ನಡೆಸಲು ತೆಗೆದುಕೊಂಡಿತು. 112 ಎಂಬ ತುರ್ತು ಕರೆಯ ಜೊತೆ ಅದನ್ನು ಜೋಡಿಸಿದರು. ನನ್ನಂಥವರ ಕೆಲಸ ಅಲ್ಲಿಗೆ ಮುಗಿಯಿತು. ನನ್ನ ಅಭಿಪ್ರಾಯ ಕೇಳಿದರೆ, ಸರ್ಕಾರ ಜವಾಬ್ದಾರಿ ಹೊತ್ತದ್ದು ಸರಿ. ಮಕ್ಕಳ ರಕ್ಷಣೆ ದೇಣಿಗೆಯ ಮೇಲೆ ನಡೆಯುವ ಕೆಲಸ ಆಗಬಾರದು. ಆದರೆ ಮೌನದ ಕರೆಗೆ ಕಾಯಲು ಕಲಿತಿದ್ದ ನೂರಾರು ಕಿವಿಗಳನ್ನು ಒಮ್ಮೆಗೇ ಮನೆಗೆ ಕಳಿಸಿದ್ದು ನನಗೆ ಸರಿ ಕಾಣಲಿಲ್ಲ. ಅದು ಹೋಗಲಿ. ನಂಬರು ಅದೇ ಇದೆ. ಹತ್ತು, ಒಂಬತ್ತು, ಎಂಟು. ಹಣ ಬೇಡ. ನಡುರಾತ್ರಿಯಾದರೂ ಆದೀತು. ಹೆಸರು ಹೇಳಲು ಭಯವಾದರೆ ಹೇಳಬೇಡಿ. ನಿಮ್ಮ ವಿಷಯವೇ ಆಗಬೇಕೆಂದಿಲ್ಲ, ಗೆಳತಿಯ ವಿಷಯವಾದರೂ ಸರಿ. ವರ್ಷಕ್ಕೊಮ್ಮೆ ಪಂಚಾಯಿತಿಯಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ, ಅಲ್ಲಿ ಪಿಡಿಒ ಸಾಹೇಬರ ಎದುರು ಎದ್ದು ನಿಂತು ಕೇಳಬಹುದಾದದ್ದನ್ನು ಅಲ್ಲಿ ಕೇಳಿ: ಸಂಜೆ ಬಸ್ಸು, ಹೆಣ್ಣುಮಕ್ಕಳ ಶೌಚಾಲಯದ ಚಿಲಕ, ಬೀದಿ ದೀಪ. ಎದ್ದು ನಿಂತು ಹೇಳಲಾಗದ್ದಕ್ಕೆ ಫೋನ್ ಇದೆ.

ಕೊನೆಯದಾಗಿ, ಹಳೆಯ ವಿದ್ಯಾರ್ಥಿ ಸಂಘದ ಒಪ್ಪಿಗೆ ಪಡೆದು ಒಂದು ವಿಷಯ ತಿಳಿಸುತ್ತೇನೆ. ಮಹೋತ್ಸವದ ನಿಧಿಯಿಂದ ಶಾಲೆಗೆ ಕಮಾನು ಕಟ್ಟಿಸುವುದು ಈಗಾಗಲೇ ಗೊತ್ತಾಗಿದೆ, ಅದಕ್ಕೆ ನಮ್ಮ ಬ್ಯಾಚಿನ ತಕರಾರಿಲ್ಲ, ನಾವೂ ಪಟ್ಟಿ ಕೊಟ್ಟಿದ್ದೇವೆ. ಇದರ ಹೊರತಾಗಿ 1992ರ ಬ್ಯಾಚಿನವರು ಸೇರಿ ಕಚೇರಿಗೆ ಒಂದು ಕಬ್ಬಿಣದ ಬೀರು ಕೊಡಿಸುತ್ತಿದ್ದೇವೆ. ಬೆಳಿಗ್ಗೆ ಗುಮಾಸ್ತರು ನನಗೆ ದಾಖಲಾತಿ ರಿಜಿಸ್ಟರುಗಳನ್ನು ತೋರಿಸಿದರು. ಐವತ್ತು ವರ್ಷದ್ದೂ ಇವೆ. ಆದರೆ ಮರದ ಕಪಾಟಿನ ಕೆಳಗಿನ ಖಾನೆಗೆ ಗೆದ್ದಲು ಹತ್ತಿದೆ, ಎರಡು ಪುಸ್ತಕಗಳ ಅಂಚು ಹೋಗಿದೆ. ಒಳಗಿನ ಬರಹ ಉಳಿದಿದೆ. ಬೀರು ಬರುವ ವಾರ ಬರುತ್ತದೆ. ಎರಡು ಕೀಲಿಕೈ ಇರುತ್ತವೆ, ಒಂದು ಹೆಡ್‌ಮಾಸ್ತರರ ಹತ್ತಿರ, ಇನ್ನೊಂದು ಗುಮಾಸ್ತರ ಹತ್ತಿರ. ಬೇಸಿಗೆ ರಜೆಯಲ್ಲಿ ಇಬ್ಬರಲ್ಲಿ ಒಬ್ಬರ ಫೋನ್ ನಂಬರನ್ನಾದರೂ ಗೋಡೆಯ ಮೇಲೆ, ಆ ನೀಲಿ ನಂಬರಿನ ಕೆಳಗೆ ಬರೆಸಬೇಕೆಂದು ಕೇಳಿಕೊಂಡಿದ್ದೇನೆ. ಹೆಡ್‌ಮಾಸ್ತರರು ತಮ್ಮದನ್ನೇ ಬರೆಸುತ್ತೇನೆ ಅಂದಿದ್ದಾರೆ.

ಬೇವಿನ ಗಿಡದ ಕೆಳಗೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರು ಮೇಜು ಹಾಕಿಕೊಂಡು ಕುಳಿತಿದ್ದಾರೆ. ನಾಲ್ಕು ಗಂಟೆಯವರೆಗೆ ಇರುತ್ತಾರೆ, ನಾನೂ ಅಲ್ಲೇ ಇರುತ್ತೇನೆ. ಊಟಕ್ಕೆ ಕರೆ ಬರುತ್ತಿದೆ, ಮೊದಲ ಪಂಕ್ತಿ ಮಕ್ಕಳದು ಎಂದು ಈಗ ತಾನೇ ಚೀಟಿ ಕೊಟ್ಟಿದ್ದಾರೆ.